ಒಂದೂವರೆ ಕಿಲೋದ ಮನೆ

ಅಮೆರಿಕದ ಕೊಲರಾಡೊ ಬೆಟ್ಟಗಳಿಗೆ ಎಲ್ಕ್ ಬೇಟೆಗೆಂದು ಹೊರಟವನ ಬೆನ್ನ ಹೊರೆ ಹತ್ತುವಾಗ ಇಪ್ಪತ್ತು, ಇಪ್ಪತ್ತೈದು ಕಿಲೋ. ಬೇಟೆ ಬಿತ್ತೆಂದರೆ ಇಳಿಯುವ ಲೆಕ್ಕವೇ ಬೇರೆ. ಎಲ್ಕ್ ನಮ್ಮ ಕಡವೆಯ ಬಳಗದ್ದು, ಬಲಿತ ಗಂಡು 300 ಕಿಲೋ ದಾಟುತ್ತದೆ. ಮೂಳೆ ಬಿಡಿಸಿ ಬರೀ ಮಾಂಸ ಕಟ್ಟಿದರೂ ನೂರು ಕಿಲೋ ಆಸುಪಾಸು. ಕೊಂಬು ಮಾತ್ರ ಹೊತ್ತು ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಕೇಸು ಬೀಳುತ್ತದೆ. ಆ ಜಾಗ 1964ರ ವೈಲ್ಡರ್‌ನೆಸ್ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದರಂತೂ ಜೀಪು ಹಾಗಿರಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ಕುದುರೆ, ಹೇಸರಗತ್ತೆ ಇದ್ದವರು ಪುಣ್ಯವಂತರು. ಇಲ್ಲದವರು ಮೂವತ್ತು, ಮೂವತ್ತೈದು ಕಿಲೋದ ಹೊರೆ ಕಟ್ಟಿಕೊಂಡು ಅದೇ ಬೆಟ್ಟವನ್ನು ಮೂರು ನಾಲ್ಕು ಸಲ ಇಳಿದು ಹತ್ತಬೇಕು. ಟೆಂಟಿನಲ್ಲಿ ಕಾಲು ಕಿಲೋ ಉಳಿಸಲು ನೂರು ಡಾಲರ್ ಹೆಚ್ಚು ತೆರುವವರು ಇರುವುದು ಇದಕ್ಕೇ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಪುಸ್ತಕದೊಳಗೆ ಸೇರಿಕೊಂಡಿತು. ಕೆನೆತ್ ಆಂಡರ್ಸನ್ನರ ಶಿಕಾರಿ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಮಚಾನು ಗೊತ್ತು, ಕಾಡಂಚಿನ ಬಂಗಲೆ ಗೊತ್ತು. ಬೆನ್ನ ಮೇಲೆ ಮನೆ ಹೊತ್ತು ಬೇಟೆಗೆ ಹೋಗುವುದು ಅಲ್ಲಿ ಅಷ್ಟಾಗಿ ಕಾಣದು. ಅಮೆರಿಕದಲ್ಲೂ ಹಳೆಯ ಬಿಡಾರವೆಂದರೆ ಕುದುರೆ ಮೇಲೆ ಬರುವ ದಪ್ಪ ಕ್ಯಾನ್ವಾಸಿನ ಡೇರೆ, ಒಳಗೊಂದು ಕಬ್ಬಿಣದ ಒಲೆ, ಮಡಚುವ ಮಂಚ. ಅದು ಈಗಲೂ ಇದೆ. ಆದರೆ ರಸ್ತೆಯಿಂದ ಏಳೆಂಟು ಮೈಲಿ ಒಳಗೆ ಹೋದರಷ್ಟೇ ಎಲ್ಕ್ ಸಿಗುತ್ತದೆಂದು ನಂಬಿದ ಇನ್ನೊಂದು ಪಂಗಡವೂ ಇದೆ. ಇಬ್ಬರು, ಎರಡು ಚೀಲ, ಒಂದು ಟೆಂಟು, ನಾಲ್ಕೈದು ದಿನ. ಬೇಟೆಯ ಮೇಲೆ ನನಗೆ ಮೋಹವಿಲ್ಲ. ಆದರೂ ಟೆಂಟಿನ ವಿಷಯದಲ್ಲಿ ಈ ಜನ ಹಾಕುವಷ್ಟು ಖಡಾಖಂಡಿತ ಲೆಕ್ಕವನ್ನು ಚಾರಣಿಗರು ಹಾಕುವುದಿಲ್ಲ ಎಂದೇ ನನ್ನ ಅನಿಸಿಕೆ.

ಅಂಗಡಿಯಲ್ಲಿ ಸಿಗುವ ಹಗುರ ಟೆಂಟುಗಳೆಲ್ಲ ಬಹುಮಟ್ಟಿಗೆ ಚಾರಣಿಗರಿಗೆಂದು ಹೊಲಿದವು. ತೊಡಕು ಶುರುವಾಗುವುದೇ ಅಲ್ಲಿ. ಚಾರಣಿಗ ಬೆಳಿಗ್ಗೆ ಟೆಂಟು ಮಡಚಿ ಚೀಲಕ್ಕೆ ಹಾಕಿ ಹೊರಟುಬಿಡುತ್ತಾನೆ. ಬೇಟೆಗಾರ ನಸುಕಿಗೆ ಮೊದಲೇ ಎದ್ದು ಹೋದರೆ ಕತ್ತಲಾದ ಮೇಲೆ ವಾಪಸು. ಅಷ್ಟೂ ಹೊತ್ತು ಟೆಂಟು ಹೇಳುವವರು ಕೇಳುವವರಿಲ್ಲದೆ ನಿಂತಿರಬೇಕು. ಹತ್ತು ಸಾವಿರ ಅಡಿ ಎತ್ತರದಲ್ಲಿ ಬಿಲ್ಲುಬೇಟೆಯ ಸೆಪ್ಟೆಂಬರ್ ತಿಂಗಳೆಂದರೆ ಮಧ್ಯಾಹ್ನದ ಗುಡುಗು, ಆಲಿಕಲ್ಲು. ಬಂದೂಕಿನ ಬೇಟೆ ನಡೆಯುವ ಅಕ್ಟೋಬರ್, ನವೆಂಬರಿನಲ್ಲಿ ರಾತ್ರಿ ಕಳೆಯುವುದರೊಳಗೆ ಮೊಣಕಾಲುದ್ದ ಹಿಮ ಬಿದ್ದರೂ ಯಾರಿಗೂ ಆಶ್ಚರ್ಯವಿಲ್ಲ. ಸಡಿಲಾದ ಹಗ್ಗ ಬಿಗಿಯಲು, ಮೇಲೆ ಕೂತ ಹಿಮ ಕೊಡವಲು ಆಗ ಟೆಂಟಿನ ಹತ್ತಿರ ಒಬ್ಬರೂ ಇರುವುದಿಲ್ಲ.

ಟ್ರೆಕ್ಕಿಂಗ್ ಕೋಲನ್ನೇ ಕಂಬ ಮಾಡಿಕೊಂಡು ನಿಲ್ಲುವ ಟೆಂಟುಗಳ ಕಥೆ ಕೇಳಿ. ತೂಕ ಇಳಿಸುವ ಜಾಣತನದಲ್ಲಿ ಇದಕ್ಕಿಂತ ಚೆಂದದ್ದು ಬಂದಿಲ್ಲ. ಹೇಗೂ ಕೈಯಲ್ಲಿ ಕೋಲು ಇದೆ, ಬೇರೆ ಕಂಬ ಏಕೆ? ಡರ್ಸ್ಟನ್ ಕಂಪನಿಯ ಎಕ್ಸ್-ಮಿಡ್ ಇಬ್ಬರಿಗೆ ಸಾಕಾಗುವಂಥದ್ದು, ತೂಕ ಒಂದು ಕಿಲೋ ಚಿಲ್ಲರೆ. ಡೈನೀಮಾ ಬಟ್ಟೆಯ ಜ಼ೀಪ್ಯಾಕ್ಸ್ ಡ್ಯೂಪ್ಲೆಕ್ಸ್ ಅರ್ಧ ಕಿಲೋ ಆಸುಪಾಸು. ಆದರೆ ಬೇಟೆಗಾರನಿಗೆ ಆ ಕೋಲು ಹಗಲಿಡೀ ಬೇಕು, ಕಡಿದಾದ ಇಳಿಜಾರಿನಲ್ಲಿ ಮಾಂಸ ಹೊತ್ತು ಬರುವಾಗಲಂತೂ ಮೂರನೇ ಕಾಲು ಅದೇ. ಕೋಲು ತೆಗೆದರೆ ಮನೆ ಮಲಗುತ್ತದೆ, ಬಿಟ್ಟು ಹೋದರೆ ಮೊಣಕಾಲು ಮಾತಾಡುತ್ತದೆ. ಕೆಲವರು ನೂರೈವತ್ತು, ಇನ್ನೂರು ಗ್ರಾಮಿನ ಬೇರೆ ಕಂಬ ಕೊಂಡು ಸಮಸ್ಯೆ ಬಿಡಿಸಿಕೊಳ್ಳುತ್ತಾರೆ. ಆಗ ಉಳಿಸಿದ ತೂಕದಲ್ಲಿ ಒಂದು ಪಾಲು ವಾಪಸು ಬಂತು ಎಂದು ಒಪ್ಪಿಕೊಳ್ಳಬೇಕು. ಈ ಬಗೆಯ ಟೆಂಟಿಗೆ ಗೂಟ ಕಚ್ಚುವ ನೆಲವೂ ಬೇಕು. ಮರಗಳ ಗಡಿ ದಾಟಿ ಮೇಲೆ ಹೋದರೆ ಬರೀ ಜಲ್ಲಿ, ಬಂಡೆ. ಅಲ್ಲಿ ಗೂಟ ಒಂದಿಂಚೂ ಇಳಿಯದು, ಹಗ್ಗವನ್ನು ಕಲ್ಲಿಗೆ ಸುತ್ತಿ ಕಟ್ಟಬೇಕು.

ತನ್ನದೇ ಅಲ್ಯೂಮಿನಿಯಂ ಕಡ್ಡಿಗಳ ಮೇಲೆ ತಾನೇ ನಿಲ್ಲುವ ಟೆಂಟುಗಳ ಪೈಕಿ ಎಲ್ಲರ ಬಾಯಲ್ಲಿರುವ ಹೆಸರು ಬಿಗ್ ಆಗ್ನೆಸ್‌ನ ಕಾಪರ್ ಸ್ಪರ್. ಕಂಪನಿ ಇರುವುದು ಕೊಲರಾಡೊದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಊರಿನಲ್ಲಿ. ಪಕ್ಕದ ಮೌಂಟ್ ಜ಼ರ್ಕೆಲ್ ವೈಲ್ಡರ್‌ನೆಸ್‌ನ ಒಂದು ಶಿಖರದ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಎಲ್ಕ್ ಸೀಮೆಯ ನಡುವಿನ ಮಾಲು ಎನ್ನಬೇಕು. ಇದರ ಇಬ್ಬರ ಮಾದರಿಯ ಚೀಟಿಯಲ್ಲಿ ಎರಡು ತೂಕ ಬರೆದಿರುತ್ತದೆ. ಬರೀ ಬಟ್ಟೆ ಮತ್ತು ಕಡ್ಡಿ ಎಂದರೆ ಒಂದೂಕಾಲು ಕಿಲೋ ಹತ್ತಿರ, ಗೂಟ, ಹಗ್ಗ, ಚೀಲ ಎಲ್ಲ ಸೇರಿದರೆ ಒಂದು ಕಿಲೋ 400 ಗ್ರಾಂ ಹತ್ತಿರ. ದೊಡ್ಡ ಅಕ್ಷರದಲ್ಲಿ ಕಾಣುವುದು ಯಾವುದೆಂದು ಹೇಳಬೇಕಾಗಿಲ್ಲ. ಗಾಳಿ ಬೀಸುವ ಬೆಟ್ಟದಲ್ಲಿ ಗೂಟವಿಲ್ಲದೆ ಟೆಂಟು ಹಾಕುವವರನ್ನು ನಾನಂತೂ ಕಂಡಿಲ್ಲ. ಹೋಲಿಸುವುದಾದರೆ ದೊಡ್ಡ ಸಂಖ್ಯೆಯನ್ನೇ ಹೋಲಿಸಬೇಕು. ನೆಲಕ್ಕೆ ಹಾಸುವ ಹಾಳೆ ಬೇರೆ ಕೊಳ್ಳುವುದಿದ್ದರೆ ಅದನ್ನೂ ಕೂಡಿಸಬೇಕು.

‘ಇಬ್ಬರಿಗೆ’ ಎನ್ನುವ ಮಾತು ಇನ್ನೂ ದೊಡ್ಡ ಮೋಸ. ಕಾಪರ್ ಸ್ಪರ್‌ನ ನೆಲ ತಲೆಯ ಕಡೆ 132 ಸೆಂಟಿಮೀಟರ್, ಕಾಲಿನ ಕಡೆ 107. ಮಾಮೂಲಿ ಸ್ಲೀಪಿಂಗ್ ಪ್ಯಾಡು 51 ಸೆಂಟಿಮೀಟರ್ ಅಗಲ, ಎರಡು ಹಾಸಿದರೆ ಅಂಟಿಕೊಂಡು ಕೂರುತ್ತವೆ. ಚಳಿಗೆಂದು 64 ಸೆಂಟಿಮೀಟರಿನ ಅಗಲದ್ದನ್ನು ಇಬ್ಬರೂ ತಂದಿದ್ದರೆ ಕಾಲಿನ ಕಡೆ ಒಂದರ ಮೇಲೊಂದು ಏರುತ್ತದೆ. ಇನ್ನು ಬಿಲ್ಲು ಅಥವಾ ಬಂದೂಕು, ದುರ್ಬೀನು, ಒದ್ದೆ ಬೂಟು, ನೆನೆದ ಜಾಕೆಟ್ಟು ಎಲ್ಲಿಡುವುದು? ಬಾಗಿಲ ಹೊರಗೆ ಮೇಲ್ಹೊದಿಕೆ ಚಾಚಿಕೊಂಡು ಆಗುವ ಜಗುಲಿಯೇ ಇಲ್ಲಿ ಬೆಲೆಬಾಳುವ ಜಾಗ. ಎರಡು ಬಾಗಿಲು, ಎರಡು ಜಗುಲಿ ಇದ್ದರೆ ರಾತ್ರಿ ಒಬ್ಬರನ್ನೊಬ್ಬರು ದಾಟಿ ಹೊರಗೆ ಹೋಗುವ ಫಜೀತಿಯೂ ತಪ್ಪುತ್ತದೆ. ಮಾಂಸ ಮಾತ್ರ ಜಗುಲಿಗೆ ಬರಕೂಡದು. ಮೊಂಟಾನಾ, ವ್ಯೋಮಿಂಗ್ ಕಡೆ ಗ್ರಿಜ಼್ಲಿ ಕರಡಿಗಳಿವೆ. ಅಲ್ಲಿ ಮಾಂಸವನ್ನೂ ಊಟದ ಚೀಲವನ್ನೂ ಮಲಗುವ ಜಾಗದಿಂದ ನೂರು ಗಜ ದೂರ, ಮರಕ್ಕೆ ಎತ್ತರದಲ್ಲಿ ಕಟ್ಟುತ್ತಾರೆ. ಒಟ್ಟಿನಲ್ಲಿ ಒಬ್ಬ ಬೇಟೆಗಾರನಿಗೆ ಇಬ್ಬರ ಟೆಂಟು ಸರಿ. ಇಬ್ಬರಿಗೆ ಮೂವರದ್ದು ಕೊಂಡರೆ ಹೆಚ್ಚುವರಿ ತೂಕ ಇಬ್ಬರ ನಡುವೆ ಹಂಚಿಹೋಗುತ್ತದೆ. ನನ್ನನ್ನು ಕೇಳಿದರೆ ಅಲ್ಲಿ ಕಂಜೂಸಿತನ ಮಾಡಬಾರದು.

ಆದರೆ ಬೇಟೆಯನ್ನು ಅರ್ಧಕ್ಕೇ ನಿಲ್ಲಿಸಿ ಜನರನ್ನು ಮನೆಗೆ ಓಡಿಸುವುದು ಬಹಳ ಸಲ ತೂಕವೂ ಜಾಗವೂ ಆಗಿರುವುದಿಲ್ಲ, ತೇವ. ಮಳೆ ಸೋರಿ ಬರುವ ತೇವಕ್ಕಿಂತ ಉಸಿರಿನಿಂದ ಬರುವ ತೇವವೇ ಹೆಚ್ಚು ಕಾಡುತ್ತದೆ. ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಇಬ್ಬರದ್ದು ಸೇರಿಸಿ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಒಳಗೆ ಬೆಚ್ಚಗಿನ ಆವಿ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವುದೇ ಟೆಂಟಿನ ಬಟ್ಟೆಯಲ್ಲೂ ಆಗುತ್ತದೆ. ಒಂದೇ ಪದರದ ಟೆಂಟು ಹಗುರ, ಆದರೆ ಬೆಳಗಿನ ಜಾವ ಒಳಮೈಯ ಹನಿ, ಕೆಲವು ಸಲ ಹಿಮದ ಪುಡಿ, ನೇರ ಸ್ಲೀಪಿಂಗ್ ಬ್ಯಾಗಿನ ಮೇಲೆ. ಹಕ್ಕಿಗರಿ ತುಂಬಿದ ಬ್ಯಾಗು ಒದ್ದೆಯಾದರೆ ಬೆಚ್ಚಗಿಡುವುದನ್ನೇ ಮರೆಯುತ್ತದೆ. ಎರಡು ಪದರವಿದ್ದರೆ ಹೊರಪದರಕ್ಕೆ ಕಟ್ಟಿದ ನೀರು ಒಳಗೆ ಬರುವ ಮುನ್ನ ಒಳಡೇರೆ ತಡೆಯುತ್ತದೆ. ಚಾರಣದ ಟೆಂಟುಗಳ ಒಳಡೇರೆ ಮುಕ್ಕಾಲು ಪಾಲು ಸೊಳ್ಳೆ ಪರದೆ, ಬೇಸಿಗೆಗೆ ಹಿತ. ಗಾಳಿಯ ಜೊತೆ ಹಾರಿ ಬರುವ ಹಿಮದ ಪುಡಿಗೂ ಅದೇ ಹೆಬ್ಬಾಗಿಲು. ನವೆಂಬರ್ ಬೇಟೆಗೆ ಒಳಡೇರೆಯಲ್ಲಿ ಪರದೆ ಕಡಿಮೆ, ಬಟ್ಟೆ ಹೆಚ್ಚು ಇರುವುದೇ ಲೇಸು. ಸ್ವೀಡನ್ನಿನ ಹಿಲೆಬರ್ಗ್ ಕಂಪನಿ ಈ ವಿಷಯದಲ್ಲಿ ಹೆಸರುವಾಸಿ. ಅವರ ಒಳಡೇರೆ ಹೊರಡೇರೆಗೆ ಸಿಕ್ಕಿಸಿಯೇ ಇರುತ್ತದೆ, ಎರಡೂ ಒಟ್ಟಿಗೆ ನಿಲ್ಲುತ್ತವೆ. ಸುರಿವ ಮಳೆಯಲ್ಲಿ ಟೆಂಟು ಹಾಕಿದರೂ ಒಳಗೆ ಒಣ ನೆಲ. ಅವರ ನಾಲೋ ಇಬ್ಬರ ಮಾದರಿ ಎರಡೂವರೆ ಕಿಲೋ ಹತ್ತಿರ ತೂಗುತ್ತದೆ, ಬೆಲೆಯೂ ಹಗುರವಲ್ಲ.

ತೇವವನ್ನು ತಡೆಯುವ ಗೋಜಿಗೇ ಹೋಗದೆ ಒಣಗಿಸಿಬಿಡೋಣ ಎನ್ನುವವರೂ ಇದ್ದಾರೆ. ಕೊಲರಾಡೊದಲ್ಲೇ ಹುಟ್ಟಿದ ಕಿಫಾರು, ಸೀಕ್ ಔಟ್‌ಸೈಡ್ ಕಂಪನಿಗಳು ಇದರ ಗುರುಗಳು. ನಡುವೆ ಒಂದೇ ಕಂಬ, ಗೋಪುರದಂಥ ಆಕಾರ, ನೆಲದ ಬಟ್ಟೆ ಇಲ್ಲವೇ ಇಲ್ಲ. ಒಳಗೆ ಮಡಚಿ ಇಡಬಹುದಾದ ಟೈಟಾನಿಯಂ ಒಲೆ, ಬಟ್ಟೆಯಲ್ಲಿ ಬೆಂಕಿ ತಾಗದಂತೆ ಮಾಡಿದ ಕಿಂಡಿಯಿಂದ ಹೊರಬರುವ ಹೊಗೆಕೊಳವೆ. ಒಲೆಯೂ ಸೇರಿ ಎರಡು ಕಿಲೋ ಮೀರಬಹುದು, ಆದರೆ ನೆನೆದ ಕಾಲುಚೀಲ ರಾತ್ರಿಯೊಳಗೆ ಒಣಗುತ್ತದೆ. ಹಿಮ ಮೆತ್ತಿದ ಬೂಟಿನಲ್ಲೇ ಒಳಗೆ ನುಗ್ಗಬಹುದು, ನೆಲ ಒರೆಸುವ ಚಿಂತೆಯಿಲ್ಲ. ಪುಟ್ಟ ಒಲೆಯಾದ್ದರಿಂದ ಆಗಾಗ ಕಟ್ಟಿಗೆ ಉಣಿಸದಿದ್ದರೆ ಬೆಂಕಿ ಆರುತ್ತದೆ, ಬೆಳಗಿನ ಚಳಿ ಚಳಿಯೇ. ಮರಗಳ ಗಡಿಯ ಮೇಲೆ ಕಟ್ಟಿಗೆ ಇಲ್ಲ. ಒಣಗಿದ ಸೆಪ್ಟೆಂಬರಿನಲ್ಲಿ ಕಾಡಿನಲ್ಲಿ ಬೆಂಕಿಗೆ ನಿಷೇಧ ಬಂದರೆ ಒಲೆ ಹೊತ್ತದ್ದು ದಂಡ. ಗಾಳಿ ಆಡಲು ಮೇಲೊಂದು ಕಿಂಡಿ ತೆರೆದಿಡದಿದ್ದರೆ ಕಾರ್ಬನ್ ಮೊನಾಕ್ಸೈಡಿನ ಅಪಾಯ ಬೇರೆ.

ಬಣ್ಣದ ಜಗಳವೂ ಉಂಟು. ಬೇಟೆಗಾರರಿಗೆ ಮಣ್ಣಿನ ಬಣ್ಣ, ಪಾಚಿ ಬಣ್ಣವೇ ಬೇಕು. ಆದರೆ ಜಿಂಕೆ ಜಾತಿಯ ಕಣ್ಣಿಗೆ ಕಿತ್ತಳೆಯನ್ನು ಬೇರೆ ಮಾಡಿ ನೋಡುವ ಶಕ್ತಿಯಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಬಂದೂಕಿನ ಬೇಟೆಗೆ ಹೋಗುವವರು ಕನಿಷ್ಠ 500 ಚದರ ಇಂಚಿನಷ್ಟು ಹೊಳೆವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಟ್ಟಿರಬೇಕೆಂದು ಕೊಲರಾಡೊದ ನಿಯಮವೇ ಹೇಳುತ್ತದೆ. ಉಳಿದ ಬೇಟೆಗಾರರ ಗುಂಡಿನಿಂದ ಪಾರಾಗಲು ಅದು ದಾರಿ. ಹಾಗಿರುವಾಗ ಕಿತ್ತಳೆ ಟೆಂಟಿಗೆ ಏಕೆ ಹೆದರಬೇಕೋ ತಿಳಿಯದು. ಎಲ್ಕ್ ಓಡುವುದು ವಾಸನೆಗೆ, ಸದ್ದಿಗೆ. ಕತ್ತಲಲ್ಲಿ ದಣಿದು ಬರುವವನಿಗೆ ದೂರದಿಂದ ಕಾಣುವ ಟೆಂಟು ಎಷ್ಟೋ ವಾಸಿ.

ಕೊಳ್ಳುವ ಮುನ್ನ ನೋಡಲೇಬೇಕಾದದ್ದು ಬಟ್ಟೆಗೆ ಏನು ಬಳಿದಿದ್ದಾರೆ ಎಂಬುದು. ಎರಡೂ ಕಡೆ ಸಿಲಿಕೋನ್ ಬಳಿದ ನೈಲಾನು ಗಟ್ಟಿ, ಸುಲಭಕ್ಕೆ ಹರಿಯದು. ಆದರೆ ಸಿಲಿಕೋನಿಗೆ ಹೊಲಿಗೆ ಮುಚ್ಚುವ ಟೇಪು ಅಂಟುವುದಿಲ್ಲ. ಹೀಗಾಗಿ ಇಂಥ ಎಷ್ಟೋ ಟೆಂಟುಗಳಿಗೆ ಕೊಂಡವರೇ ಅಂಗಳದಲ್ಲಿ ಹರಡಿ, ಹೊಲಿಗೆಯುದ್ದಕ್ಕೂ ದ್ರವ ಸಿಲಿಕೋನ್ ಹಚ್ಚಬೇಕು. ನೈಲಾನು ಒದ್ದೆಯಾದರೆ ಹಿಗ್ಗುತ್ತದೆ, ಸಂಜೆ ಬಿಗಿದ ಹಗ್ಗವನ್ನು ರಾತ್ರಿ ಎದ್ದು ಮತ್ತೆ ಬಿಗಿಯಬೇಕು. ಪಾಲಿಯೆಸ್ಟರಿಗೆ ಆ ರೋಗ ಕಡಿಮೆ. ದಿನವಿಡೀ ಖಾಲಿ ನಿಲ್ಲುವ ಟೆಂಟಿಗೆ ನಾನು ಪಾಲಿಯೆಸ್ಟರನ್ನೇ ಆರಿಸುತ್ತೇನೆ. ಟೇಪು ಅಂಟಲೆಂದು ಒಳಮೈಗೆ ಪಾಲಿಯುರೆಥೇನ್ ಬಳಿದವು ಕೊಂಡ ದಿನವೇ ಬಳಕೆಗೆ ಸಿದ್ಧ. ಆದರೆ ತೇವದಲ್ಲಿ ಆ ಲೇಪ ನಿಧಾನವಾಗಿ ಕಳಚಿಕೊಳ್ಳುತ್ತದೆ, ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಕೊಲರಾಡೊದ ಒಣ ಹವೆಯಲ್ಲಿ ಅದಕ್ಕೆ ವರ್ಷಗಳು ಬೇಕು. ಅದೇ ಟೆಂಟನ್ನು ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟು, ಮಡಿಕೇರಿಯಲ್ಲೋ ಸಾಗರದಲ್ಲೋ ಒದ್ದೆ ಮಡಚಿ ಅಟ್ಟದ ಮೇಲಿಟ್ಟರೆ ಬಹಳ ದಿನ ಬಾಳದು. ತರಿಸುವುದಾದರೆ ಎರಡೂ ಕಡೆ ಸಿಲಿಕೋನ್ ಇರುವುದನ್ನೇ ಹೇಳಿ ಕಳಿಸಿ. ನೆಲದ ಬಟ್ಟೆಗೆ ಏನು ಬಳಿದಿದ್ದಾರೆಂದು ಬೇರೆಯಾಗಿ ಕೇಳಿ, ಬಹಳಷ್ಟು ಟೆಂಟುಗಳಲ್ಲಿ ಪಾಲಿಯುರೆಥೇನ್ ಅಡಗಿರುವುದು ಅಲ್ಲಿ.