ಅಮೆರಿಕದ ಅಂತರ್ಯುದ್ಧ 28 ವರ್ಷ ಮೊದಲೇ ನಡೆದಿದ್ದರೆ?

‘ಹೀಗಾಗಿದ್ದರೆ, ಹಾಗಾಗಿದ್ದರೆ’ ಅನ್ನೋ ಪ್ರಶ್ನೆಗಳನ್ನು ಇತಿಹಾಸದ ವಿಷಯದಲ್ಲಿ ನಾನು ಸಾಮಾನ್ಯವಾಗಿ ದೂರ ಇಡ್ತೀನಿ. ಇವತ್ತು ಮಾತ್ರ ಒಂದು ಸಲ ಆ ಆಟ ಆಡೋಣ. ಯಾಕಂದ್ರೆ ಈ ಪ್ರಶ್ನೆಯ ಹಿಂದೆ ಇಪ್ಪತ್ತು ಲಕ್ಷ ಜನರ ಬದುಕಿದೆ.

ಅಮೆರಿಕದ ಅಂತರ್ಯುದ್ಧ ಶುರುವಾಗಿದ್ದು 1861ರ ಏಪ್ರಿಲ್ 12ರಂದು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಸಿಡಿಯಿತು. ಇಷ್ಟು ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಅದೇ ರಾಜ್ಯ, ಅದೇ ಬಂದರು 28 ವರ್ಷ ಹಿಂದೆಯೇ ಯುದ್ಧದ ಅಂಚಿಗೆ ಬಂದು ನಿಂತಿತ್ತು ಅನ್ನೋದು ಅಷ್ಟಾಗಿ ಚರ್ಚೆಗೆ ಬರಲ್ಲ.

ಆಗಿನ ಜಗಳ ಮೇಲ್ನೋಟಕ್ಕೆ ಆಮದು ಸುಂಕದ್ದು. ಉತ್ತರದ ರಾಜ್ಯಗಳಲ್ಲಿ ಕಾರ್ಖಾನೆಗಳು ಬೆಳೆಯುತ್ತಿದ್ದವು. ಅವುಗಳ ರಕ್ಷಣೆಗೆ 1828ರಲ್ಲಿ ವಿದೇಶಿ ಸರಕಿನ ಮೇಲೆ ಭಾರೀ ಸುಂಕ ಬಿತ್ತು. ದಕ್ಷಿಣದವರು ಹತ್ತಿಯನ್ನು ಇಂಗ್ಲೆಂಡಿಗೆ ಮಾರಿ, ಅಲ್ಲಿಂದ ಸಾಮಾನು ತರಿಸುತ್ತಿದ್ದರು. ಅವರ ಪಾಲಿಗೆ ಇದು ನೇರ ಹೊಡೆತ. 1832ರಲ್ಲಿ ಸುಂಕ ಸ್ವಲ್ಪ ಇಳಿದರೂ ಸಿಟ್ಟು ಇಳಿಯಲಿಲ್ಲ. ಆ ವರ್ಷದ ನವೆಂಬರ್ 24ರಂದು ದಕ್ಷಿಣ ಕೆರೊಲಿನಾ ಒಂದು ನಿರ್ಣಯ ಮಾಡಿತು: ಈ ಕಾನೂನು ನಮ್ಮ ರಾಜ್ಯದಲ್ಲಿ ನಡೆಯುವುದಿಲ್ಲ, 1833ರ ಫೆಬ್ರವರಿ 1ರಿಂದ ಇಲ್ಲಿ ಸುಂಕ ವಸೂಲಿ ಇಲ್ಲ, ಬಲ ಪ್ರಯೋಗಿಸಿದರೆ ಒಕ್ಕೂಟವನ್ನೇ ಬಿಡುತ್ತೇವೆ.

ಈ ವಾದದ ಹಿಂದಿನ ತಲೆ ಯಾರದ್ದು ಗೊತ್ತಾ? ದೇಶದ ಉಪಾಧ್ಯಕ್ಷ ಜಾನ್ ಕ್ಯಾಲ್ಹೂನ್ ಅವರದ್ದು! ಸುಂಕ ಬರೀ ನೆಪ, ನಿಜವಾದ ಕಾರಣ ದಕ್ಷಿಣದ ವಿಶಿಷ್ಟ ವ್ಯವಸ್ಥೆ ಅಂತ 1830ರ ಒಂದು ಪತ್ರದಲ್ಲಿ ಅವರೇ ಬರೆದಿದ್ದರು. ವ್ಯವಸ್ಥೆ ಅಂದರೆ ಗುಲಾಮಗಿರಿ. ದಕ್ಷಿಣ ಕೆರೊಲಿನಾದ ಸುಮಾರು 5.8 ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದ ದಂಗೆ ನಡೆದು, ಮಾಲೀಕರ ನಿದ್ದೆ ಕೆಟ್ಟಿತ್ತು. ಇವತ್ತು ವಾಷಿಂಗ್ಟನ್ ಸುಂಕ ಹೇರಿದರೆ, ನಾಳೆ ನಮ್ಮ ಗುಲಾಮರಿಗೂ ಕೈ ಹಾಕಬಹುದಲ್ವಾ ಅನ್ನೋದು ಅವರ ಭಯ.

ಅಧ್ಯಕ್ಷ ಆಂಡ್ರೂ ಜಾಕ್ಸನ್ ಬಗ್ಗುವವರಲ್ಲ. ಸೇನಾಬಲದಿಂದ ಒಕ್ಕೂಟ ಒಡೆಯುವುದು ದೇಶದ್ರೋಹ ಅಂತ ಡಿಸೆಂಬರ್ 10ರಂದು ಘೋಷಿಸಿದರು. ಜನರಲ್ ವಿನ್‌ಫೀಲ್ಡ್ ಸ್ಕಾಟ್ ಅವರನ್ನು ಚಾರ್ಲ್ಸ್‌ಟನ್‌ಗೆ ಕಳಿಸಿದರು. ಅತ್ತ ರಾಜ್ಯವೂ ಸ್ವಯಂಸೇವಕರ ಪಡೆ ಕಟ್ಟಿತು. ಕೊನೆಗೆ ಸೆನೆಟರ್ ಹೆನ್ರಿ ಕ್ಲೇ ಮಧ್ಯೆ ಬಂದು, ಸುಂಕವನ್ನು ಹಂತ ಹಂತವಾಗಿ ಇಳಿಸುವ ಮಸೂದೆ ತಂದರು. ಆ ಮಸೂದೆ ಮತ್ತು ಸೇನೆ ಬಳಸಲು ಅಧಿಕಾರ ಕೊಡುವ ಮಸೂದೆ, ಎರಡಕ್ಕೂ 1833ರ ಮಾರ್ಚ್ 2ರಂದು ಜಾಕ್ಸನ್ ಸಹಿ ಹಾಕಿದರು. ರಾಜ್ಯ ತನ್ನ ನಿರ್ಣಯ ಹಿಂದಕ್ಕೆ ಪಡೆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಈಗ ಆಟಕ್ಕೆ ಬರೋಣ. ಕ್ಲೇ ಅವರ ಸಂಧಾನ ಮುರಿದುಬಿದ್ದು, ಬಂದರಿನಲ್ಲಿ ಯಾರೋ ಒಬ್ಬ ಗುಂಡು ಹಾರಿಸಿಬಿಟ್ಟ ಅಂತ ಇಟ್ಟುಕೊಳ್ಳಿ. ಏನಾಗುತ್ತಿತ್ತು?

ನನ್ನ ಲೆಕ್ಕದಲ್ಲಿ ಎರಡು ದಾರಿಗಳಿವೆ. ಮೊದಲನೆಯದು, ಚಿಕ್ಕ ಯುದ್ಧ. 1832ರಲ್ಲಿ ಬೇರೆ ಯಾವ ದಕ್ಷಿಣದ ರಾಜ್ಯವೂ ದಕ್ಷಿಣ ಕೆರೊಲಿನಾದ ಜತೆ ನಿಲ್ಲಲಿಲ್ಲ. ಜಾಕ್ಸನ್ ಕೂಡ ದಕ್ಷಿಣದವರೇ, ಅಲ್ಲಿ ಜನಪ್ರಿಯರೇ. ರಾಜ್ಯದ ಒಳಗೇ ಜೋಯೆಲ್ ಪಾಯಿನ್ಸೆಟ್ ಮುಂದಾಳತ್ವದಲ್ಲಿ ಒಕ್ಕೂಟದ ಪರ ಒಂದು ಗುಂಪಿತ್ತು. ಹಾಗಾಗಿ ದಂಗೆ ಬೇಗ ಅಡಗುತ್ತಿತ್ತು.

ಎರಡನೆಯದು, ಅಪಾಯದ ದಾರಿ. ಕೇಂದ್ರದ ಸೇನೆ ನುಗ್ಗಿದ್ದು ನೋಡಿ ಅಕ್ಕಪಕ್ಕದ ರಾಜ್ಯಗಳು ತಿರುಗಿಬೀಳುವುದು. 1861ರಲ್ಲಿ ವರ್ಜೀನಿಯಾ ಹೊರಹೋಗಿದ್ದು ಸಮ್ಟರ್ ಘಟನೆಯ ನಂತರವೇ ಅನ್ನೋದು ನೆನಪಿರಲಿ. ಹಾಗಾಗಿದ್ದರೆ ಉತ್ತರಕ್ಕೆ ಗೆಲುವು ಸುಲಭವಿರಲಿಲ್ಲ. 1830ರಲ್ಲಿ ಗುಲಾಮಗಿರಿ ಇಲ್ಲದ ರಾಜ್ಯಗಳಲ್ಲಿ ಸುಮಾರು 70 ಲಕ್ಷ, ಇರುವ ರಾಜ್ಯಗಳಲ್ಲಿ ಸುಮಾರು 58 ಲಕ್ಷ ಜನ. ರೈಲು ಆಗಷ್ಟೇ ಹಳಿ ಏರುತ್ತಿತ್ತು. 1860ರ ಹೊತ್ತಿಗೆ ಹಳಿಗಳ ಉದ್ದ ಸುಮಾರು 30 ಸಾವಿರ ಮೈಲಿ, ಅದರಲ್ಲಿ ಹೆಚ್ಚಿನ ಪಾಲು ಉತ್ತರದ್ದು. ಮೋರ್ಸ್ ಅವರ ಟೆಲಿಗ್ರಾಫ್ ಬಂದದ್ದು 1844ರಲ್ಲಿ.

ಇದರ ಎಳೆ ನಮ್ಮ ಧಾರವಾಡಕ್ಕೂ ತಾಗುತ್ತೆ. 1861ರಲ್ಲಿ ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದವು, ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಹೊಲಗಳಲ್ಲಿ ಅಷ್ಟರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿ ಬೇರೂರಿತ್ತು. ಯುದ್ಧ 1833ರಲ್ಲೇ ಬಂದಿದ್ದರೆ ಆ ತಳಿಯೂ ಇಲ್ಲಿರಲಿಲ್ಲ, ಬೊಂಬಾಯಿಯಲ್ಲಿ ರೈಲೂ ಇರಲಿಲ್ಲ. ಮ್ಯಾಂಚೆಸ್ಟರ್‌ನ ಹಸಿವು ತಣಿಸಲು ಬೇರೆ ದಾರಿ ಇಲ್ಲದೆ, ಬ್ರಿಟನ್ ದಕ್ಷಿಣದ ಪರ ವಾಲುವ ಸಾಧ್ಯತೆ ಹೆಚ್ಚಿರುತ್ತಿತ್ತು ಅಂತ ನನಗನಿಸುತ್ತೆ.

ಸರಿ, ಮುಖ್ಯ ಪ್ರಶ್ನೆ: ಗುಲಾಮರಿಗೆ ಬೇಗ ಬಿಡುಗಡೆ ಸಿಗುತ್ತಿತ್ತಾ? ಮೊದಮೊದಲು ನಾನೂ ಹೌದು ಅಂತಲೇ ಅಂದುಕೊಂಡಿದ್ದೆ. ಈಗ ಹಾಗನಿಸಲ್ಲ. ಜಾಕ್ಸನ್ ಸ್ವತಃ ಗುಲಾಮರ ಮಾಲೀಕರು. ಅವರು ಗೆದ್ದರೆ ಒಕ್ಕೂಟ ಉಳಿಯುತ್ತಿತ್ತು, ಸುಂಕ ಉಳಿಯುತ್ತಿತ್ತು, ಸಂಕೋಲೆಯೂ ಉಳಿಯುತ್ತಿತ್ತು. ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಗುಲಾಮಗಿರಿ ವಿರೋಧಿ ಪತ್ರಿಕೆಗೆ ಆಗಿನ್ನೂ ಎರಡು ವರ್ಷ. ಲಿಂಕನ್ 1832ರಲ್ಲಿ 23ರ ತರುಣ, ತನ್ನ ಮೊದಲ ಚುನಾವಣೆ ಸೋತಿದ್ದ. ಮುಂದೆ ದೇಶದ ಆತ್ಮಸಾಕ್ಷಿಯನ್ನೇ ಅಲುಗಾಡಿಸಿದ ಫ್ರೆಡರಿಕ್ ಡಗ್ಲಸ್, ಮೇರಿಲ್ಯಾಂಡಿನಲ್ಲಿ ಹದಿಹರೆಯದ ಗುಲಾಮ ಹುಡುಗ. ಅವನು ತಪ್ಪಿಸಿಕೊಂಡಿದ್ದು 1838ರಲ್ಲಿ.

1861ರ ಯುದ್ಧ ಕೂಡ ಬಿಡುಗಡೆಗಾಗಿ ಶುರುವಾಗಿದ್ದಲ್ಲ. ಅದನ್ನು ಹಾಗೆ ಮಾಡಿದ್ದು ಮೂವತ್ತು ವರ್ಷಗಳ ಚಳವಳಿ, ಮಾಲೀಕರನ್ನು ಬಿಟ್ಟು ಒಕ್ಕೂಟದ ಸೇನೆಯತ್ತ ಓಡಿಬಂದ ಗುಲಾಮರು, ಸಮವಸ್ತ್ರ ತೊಟ್ಟು ಹೋರಾಡಿದ ಸುಮಾರು 1.8 ಲಕ್ಷ ಕಪ್ಪು ಸೈನಿಕರು.

ಹಾಗಾದರೆ 1833ರ ರಾಜಿ ಒಳ್ಳೆಯದೇ ಆಯಿತಾ? ಇಲ್ಲೇ ನನಗೆ ಗಂಟಲು ಕಟ್ಟುತ್ತೆ. ಆ ರಾಜಿಯನ್ನು ಶಾಂತಿ ಅಂತ ಕರೀತೀವಿ. 1830ರಲ್ಲಿ 20 ಲಕ್ಷ ಇದ್ದ ಗುಲಾಮರು 1860ಕ್ಕೆ ಸುಮಾರು 39.5 ಲಕ್ಷ ಆಗಿದ್ದರು. ಆ ಶಾಂತಿಯಲ್ಲಿ ಹುಟ್ಟಿ, ಹರಾಜಾಗಿ, ತಾಯಿಯಿಂದ ಬೇರೆಯಾದ ಮಕ್ಕಳಿದ್ದರು. ಮಾತುಕತೆಯ ಮೇಜಿನಲ್ಲಿ ಅವರ ಪರವಾಗಿ ಒಬ್ಬರೂ ಕೂತಿರಲಿಲ್ಲ. ಬ್ರಿಟನ್ ಅದೇ 1833ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿ ರದ್ದುಮಾಡುವ ಕಾಯ್ದೆ ತಂದಾಗಲೂ, 2 ಕೋಟಿ ಪೌಂಡ್ ಪರಿಹಾರ ಹೋಗಿದ್ದು ಮಾಲೀಕರಿಗೆ.

ಹಾಗಾಗಿ ಯಾವುದೇ ದೊಡ್ಡ ಜಗಳ ರಾಜಿಯಲ್ಲಿ ಮುಗಿಯಿತು ಅಂತ ಓದಿದಾಗ ನಾನೀಗ ಒಂದು ಪ್ರಶ್ನೆ ಕೇಳಿಕೊಳ್ತೀನಿ: ಇದರ ಬೆಲೆ ತೆತ್ತವರು ಯಾರು? ನೀವೂ ಕೇಳಿ ನೋಡಿ.