ಪೆಟ್ಟಿಗೆಯ ಮೇಲಿನ ವೇಗ, ಕೇಬಲ್ಲಿನಲ್ಲಿ ಸಿಗುವ ವೇಗ

1995ರ ಸುಮಾರಿಗೆ ಅಯೊಮೆಗಾ ಕಂಪನಿಯ ಜಿಪ್ ಡ್ರೈವ್ ಬಂದಾಗ ಫ್ಲಾಪಿ ಬಳಸುತ್ತಿದ್ದವರ ಕಣ್ಣರಳಿತು. ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು ಬರೀ 1.44 ಎಂಬಿ, ಅಂಗೈಯಗಲದ ಜಿಪ್ ಡಿಸ್ಕಿನಲ್ಲಿ 100 ಎಂಬಿ. ಆದರೆ ಒಬ್ಬರ ಮೇಜಿನ ಮೇಲೆ ಎರಡು ನಿಮಿಷದಲ್ಲಿ ನಕಲಾಗುವ ಡಿಸ್ಕು ಇನ್ನೊಬ್ಬರಲ್ಲಿ ಅರ್ಧ ಗಂಟೆ ತಿನ್ನುತ್ತಿತ್ತು. ಡ್ರೈವನ್ನು ಕಂಪ್ಯೂಟರಿನ ಬೆನ್ನಿನ ಯಾವ ಪೋರ್ಟಿಗೆ ಸಿಕ್ಕಿಸಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಸುಲಭಕ್ಕೆ ಸಿಗುತ್ತಿದ್ದುದು ಪ್ರಿಂಟರಿನ ಪ್ಯಾರಲಲ್ ಪೋರ್ಟ್. ಪ್ರಿಂಟರಿಗೆ ಮಾಹಿತಿ ಕಳಿಸುವುದೇ ಅದರ ಕೆಲಸವಾದ್ದರಿಂದ ಹೊರಹೋಗಲು ಎಂಟು ತಂತಿ ಕೊಟ್ಟಿದ್ದರು. ಒಳಬರಲು ಇದ್ದವು ಐದೇ, ಅದೂ ‘ಕಾಗದ ಮುಗಿದಿದೆ’ ಎಂಬಂಥ ಸೂಚನೆಗಳಿಗಾಗಿ. ಜಿಪ್ ಡ್ರೈವ್ ಆ ಸೂಚನೆಯ ತಂತಿಗಳನ್ನೇ ಎರವಲು ಪಡೆದು ಒಮ್ಮೆಗೆ ನಾಲ್ಕು ಬಿಟ್‌ಗಳಂತೆ ಮಾಹಿತಿ ತರುತ್ತಿತ್ತು. ಡಿಸ್ಕಿಗೆ ಬರೆಯುವುದಕ್ಕಿಂತ ಓದುವುದೇ ನಿಧಾನವಾಗುವ ವಿಚಿತ್ರ! ಸೆಕೆಂಡಿಗೆ 50 ಕೆಬಿ ಬಂದರೆ 100 ಎಂಬಿಗೆ ಮೂವತ್ತಮೂರು ನಿಮಿಷ. 1994ರ ಐಇಇಇ 1284 ಮಾನದಂಡದಲ್ಲಿ ಸೇರಿದ ಇಪಿಪಿ ಎಂಬ ಎರಡೂ ದಿಕ್ಕಿನ ವಿಧಾನ ಸೆಕೆಂಡಿಗೆ 2 ಎಂಬಿವರೆಗೂ ಹೋಗಬಲ್ಲದು. ಅದು ಇದ್ದ ಕಂಪ್ಯೂಟರಿನಲ್ಲಿ ಬಯಾಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕಿತ್ತು. ಆದರೆ ಬಯಾಸ್ ತೆರೆದು ನೋಡುವ ಧೈರ್ಯ ಎಷ್ಟು ಜನಕ್ಕಿತ್ತು?

ಸ್ಕಸಿ ಎಂಬ ಇನ್ನೊಂದು ಬಗೆಯ ಪೋರ್ಟಿಗೆಂದೇ ಮಾಡಿದ ಜಿಪ್ ಡ್ರೈವ್ ಸೆಕೆಂಡಿಗೆ ಸುಮಾರು ಒಂದು ಎಂಬಿ ಕೊಡುತ್ತಿತ್ತು. ಸ್ಕಸಿಯ ಸಾಮರ್ಥ್ಯ ಅದರ ಹಲವು ಪಟ್ಟು ಇದ್ದರೂ ತಿರುಗುವ ಡಿಸ್ಕಿನಿಂದ ಅದಕ್ಕಿಂತ ಹೆಚ್ಚು ಹೊರಡುತ್ತಿರಲಿಲ್ಲ.

1998ರ ಯುಎಸ್‌ಬಿ 1.1 ಬಂದಾಗ ಅದರ ವೇಗ 12 ಎಂದು ಓದಿ ಹಿಗ್ಗಿದವರುಂಟು. ಅದು ಮೆಗಾಬಿಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಿದರೆ 1.5 ಎಂಬಿ, ಸಾಧನಗಳ ನಡುವಿನ ಮಾತುಕತೆಯ ಖರ್ಚು ಕಳೆದರೆ ಕೈಗೆ ಸಿಗುವುದು ಒಂದು ಎಂಬಿ. ಜಿಪ್ ಡ್ರೈವಿಗೆ ಅದು ಸರಿಹೋಯಿತು. ಪೆನ್‌ಡ್ರೈವ್ ಬಂದ ಮೇಲೆ ಪೋರ್ಟೇ ಮತ್ತೆ ಇಕ್ಕಟ್ಟಾಯಿತು. ನಾಲ್ಕು ಜಿಬಿ ಫೋಟೊಗಳನ್ನು ಅದರಲ್ಲಿ ಸಾಗಿಸಲು ಒಂದು ಗಂಟೆಗೂ ಮಿಕ್ಕಿ ಬೇಕು. ತಮಾಷೆಯೆಂದರೆ, ಅದೇ ಕಾಲದ ಎಷ್ಟೋ ಕಂಪ್ಯೂಟರುಗಳ ಹಿಂಭಾಗದಲ್ಲಿ 100 ಮೆಗಾಬಿಟ್‌ನ ನೆಟ್‌ವರ್ಕ್ ಪೋರ್ಟ್ ಸುಮ್ಮನೆ ಕೂತಿರುತ್ತದೆ. ಒಂದು ಕೇಬಲ್ ಎಳೆದು ಹೊಸ ಕಂಪ್ಯೂಟರಿಗೆ ಜೋಡಿಸಿದರೆ, ಹಳೆಯ ಹಾರ್ಡ್‌ಡಿಸ್ಕ್ ಸಹಕರಿಸಿದಲ್ಲಿ, ಅಷ್ಟೂ ಫೋಟೊ ಏಳೆಂಟು ನಿಮಿಷದ ಕೆಲಸ.

2000ದಲ್ಲಿ ಬಂದ ಯುಎಸ್‌ಬಿ 2.0ರ ವೇಗ 480 ಮೆಗಾಬಿಟ್. ಅದಕ್ಕೂ ಮುಂಚಿನ ಫೈರ್‌ವೈರ್ ಎಂಬ ಪೋರ್ಟಿನದು 400. ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿ ನೋಡಿದರೆ ಹೆಚ್ಚಾಗಿ ಗೆಲ್ಲುತ್ತಿದ್ದುದು ಫೈರ್‌ವೈರ್. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಹಾಜರಿ ಕೂಗುವ ಮೇಷ್ಟ್ರು. ಹೆಸರು ಕರೆಯದೆ ಯಾವ ಸಾಧನವೂ ಬಾಯಿಬಿಡುವಂತಿಲ್ಲ. ಫೈರ್‌ವೈರ್ ಸಾಧನಗಳು ಪ್ರೊಸೆಸರನ್ನು ಅಷ್ಟಾಗಿ ಕಾಡದೆ ನೇರವಾಗಿ ಮೆಮೊರಿಗೆ ಮಾಹಿತಿ ಸುರಿಯಬಲ್ಲವು. ಪ್ರೊಸೆಸರ್ ಹಳೆಯದಾದಷ್ಟೂ ಈ ಅಂತರ ಎದ್ದು ಕಾಣುತ್ತದೆ.

ಹಳೆಯ ಸಾಮಾನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ‘ಯುಎಸ್‌ಬಿ 2.0 ಫುಲ್ ಸ್ಪೀಡ್’ ಎಂಬ ಬರಹಕ್ಕೆ ಮರುಳಾಗಬೇಡಿ, ಅದು ಹಳೆಯ 12 ಮೆಗಾಬಿಟ್ಟೇ. 480 ಬೇಕಿದ್ದರೆ ‘ಹೈ ಸ್ಪೀಡ್’ ಎಂದಿರಬೇಕು. ಪಿಸಿಐ ಸ್ಲಾಟ್ ಇದ್ದ ಡೆಸ್ಕ್‌ಟಾಪ್‌ಗೆ ಅಂಥ ಪೋರ್ಟ್ ಇರುವ ಕಾರ್ಡ್ ಹಾಕಿಸಬಹುದು. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಬಳಸುವವರಿಗೆ ಆ ಖರ್ಚು ಸಾರ್ಥಕ. ಬೀರುವಿನಲ್ಲಿರುವ ಹಳೆಯ 100 ಎಂಬಿ ಜಿಪ್ ಡಿಸ್ಕುಗಳಿಂದ ಕಡತ ತೆಗೆಯುವುದಷ್ಟೇ ಉದ್ದೇಶವಾಗಿದ್ದರೆ ಕಾರ್ಡಿಗೆ ದುಡ್ಡು ಹಾಕಬೇಡಿ, ಯುಎಸ್‌ಬಿ ಮಾದರಿಯ ಜಿಪ್ ಡ್ರೈವ್ ಒಂದನ್ನು ಹುಡುಕಿಕೊಳ್ಳಿ.