ಐದು ಸಾಲಿನ ಒಂದು ವಾರ

ನಮ್ಮ ಮನೆಯ ವಾರ ಶುರುವಾಗುವುದು ಸೋಮವಾರ ಬೆಳಗಿನ ಐದೂವರೆಯ ನಲ್ಲಿ ನೀರಿನಿಂದ. ನೀರು ತುಂಬಿ, ಚಹಾ ಇಟ್ಟು, ಎರಡು ಡಬ್ಬಿ ಕಟ್ಟಿ ಕೊಡುವಷ್ಟರಲ್ಲಿ ಯಜಮಾನರು ಡೊಂಬಿವಲಿ ಸ್ಟೇಷನ್ನಿನ ಕಡೆ ಓಡುತ್ತಾರೆ. ಅವರ ಹಿಂದೆಯೇ ಮಗ. ಅವನಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿಗೆ ಹೋಗಬೇಕು. ಆಮೇಲೆ ಮನೆಯಲ್ಲಿ ನಾನು, ಕುಕ್ಕರು, ಬಾಲ್ಕನಿಯ ತುಳಸಿ. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಸೋಮವಾರ ಮಧ್ಯಾಹ್ನ ಅಂಚೆಯವನು ಒಂದು ಲಕೋಟೆ ಕೊಟ್ಟು ಹೋದ. ಧಾರವಾಡದಿಂದ ನನ್ನ ಅಪ್ಪನ ಪತ್ರ. ಅಪ್ಪನಿಗೆ ಈಗ ಎಂಬತ್ತಾರು. ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಆದರೆ ಲಕೋಟೆಯ ಮೇಲೆ ನನ್ನ ಹೆಸರಿರಲಿಲ್ಲ, ನನ್ನ ಮಗನ ಹೆಸರಿತ್ತು. ಒಡೆಯಲು ಹೋದ ಕೈ ತಡೆಯಿತು. ಸಂಜೆಯವರೆಗೆ ಅದನ್ನು ದೇವರ ಮುಂದಿಟ್ಟೆ.

ರಾತ್ರಿ ಬಂದ ಮಗ ಲಕೋಟೆ ಒಡೆದು, ಎರಡು ಪುಟ ತಿರುವಿ ನೋಡಿ, ನನ್ನ ಕೈಗೇ ಕೊಟ್ಟ. "ಅಮ್ಮಾ, ಓದು."

ನಿಮ್ಮಲ್ಲಿ ಬಹಳ ಜನರಂತೆ ಅವನೂ ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಜಗಳವನ್ನಂತೂ ಅಪ್ಪಟ ಧಾರವಾಡದ ಮಾತಿನಲ್ಲೇ ಆಡುತ್ತಾನೆ. ಓದಲು ಮಾತ್ರ ಬರುವುದಿಲ್ಲ. ನಾನು ಓದಿ ಹೇಳಿದೆ. ಮಳೆ, ಬೆಳೆ, ಹಿತ್ತಲಿನ ಪೇರಲ ಗಿಡ ಎಲ್ಲ ಆದ ಮೇಲೆ ಕೊನೆಗೆ ಅಜ್ಜ ಬರೆದಿದ್ದು ಇಷ್ಟು: "ಫೋನಿನಲ್ಲಿ ನಿನ್ನ ದನಿ ಈಗ ನನಗೆ ಕೇಳುವುದಿಲ್ಲ. ಕಣ್ಣು ಇನ್ನೂ ಚಲೋ ಇವೆ. ನಿನ್ನ ಅಕ್ಷರ ನೋಡಬೇಕಂತ ಆಸೆ."

ಎರಡು ವರ್ಷದಿಂದ ಅಪ್ಪನ ಕಿವಿ ಮಂದವಾಗುತ್ತ ಬಂದಿದೆ. ಕಿವಿಯ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಡಬ್ಬಿಯಲ್ಲೇ ಇಟ್ಟಿದ್ದಾರೆ. ರವಿವಾರದ ಫೋನಿನಲ್ಲಿ ಮೊಮ್ಮಗ "ಅಜ್ಜಾ, ಆರಾಮ ಇದ್ದೀರಿ?" ಎಂದು ಕೂಗುವುದು, ಅವರು "ಹಾಂ? ಹಾಂ?" ಎಂದು ಸುಸ್ತಾಗಿ ಫೋನನ್ನು ನನ್ನ ತಮ್ಮನಿಗೆ ಕೊಡುವುದು, ಇದು ರೂಢಿಯಾಗಿತ್ತು. ನಾವು ಅದಕ್ಕೆ ಹೊಂದಿಕೊಂಡಿದ್ದೆವು. ಅವರು ಹೊಂದಿಕೊಂಡಿರಲಿಲ್ಲ.

"ನಾನು ಹೇಳ್ತೀನಿ, ನೀನು ಬರಿ" ಎಂದ ಮಗ. ಪೆನ್ನು ತೆಗೆದುಕೊಂಡೆ. "ತೀರ್ಥರೂಪ" ಎಂದು ಬರೆದವಳು ನಿಲ್ಲಿಸಿಬಿಟ್ಟೆ. ನಾನು ಬರೆದರೆ ಅದು ನನ್ನ ಅಕ್ಷರ. ನನ್ನ ಅಕ್ಷರ ಅಪ್ಪ ಐವತ್ತು ವರ್ಷದಿಂದ ನೋಡಿದ್ದಾರೆ. ಸ್ಲೇಟಿನ ಮೇಲೆ ಕೈ ಹಿಡಿದು ಕಲಿಸಿದವರೇ ಅವರು.

ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಹುಡುಗನದಲ್ಲ, ನನ್ನದು. ಅವನು ಆರು ವರ್ಷದವನಿದ್ದಾಗ ಶನಿವಾರದ ಕನ್ನಡ ತರಗತಿಗೆ ನಾಲ್ಕು ತಿಂಗಳು ಕಳಿಸಿದೆ. ಪರೀಕ್ಷೆ ಬಂತೆಂದು ಬಿಡಿಸಿದೆ. ಪರೀಕ್ಷೆಗಳು ಮುಗಿಯಲೇ ಇಲ್ಲ. ನಾನು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ತೆಗೆದುಕೊಂಡು 1991ರಲ್ಲಿ ಬಿ.ಎ. ಮುಗಿಸಿದವಳು. ಕಣ್ಣಾರೆ ಕಾಣದ ಡ್ಯಾಫೊಡಿಲ್ ಹೂವಿನ ಮೇಲೆ ನಾಲ್ಕು ಪುಟ ಬರೆದು ಪಾಸಾದೆ. ಮಗನಿಗೂ ಇಂಗ್ಲಿಷ್ ಪದ್ಯಗಳನ್ನು ನಾನೇ ಬಾಯಿಪಾಠ ಮಾಡಿಸಿದೆ. ಅಜ್ಜನ ಕಾಗದ ಓದುವಷ್ಟು ಕನ್ನಡಕ್ಕೆ ಮಾತ್ರ ನನಗೆ ಪುರುಸೊತ್ತಾಗಲಿಲ್ಲ.

ಮಂಗಳವಾರ ಡಬ್ಬಿಯ ಜೊತೆ ಒಂದು ಹಾಳೆ ಇಟ್ಟೆ. ಎಡಗಡೆ ಮರಾಠಿ ಶಾಲೆಪಾಠದಿಂದ ಅವನಿಗೆ ಗೊತ್ತಿರುವ ದೇವನಾಗರಿ, ಬಲಗಡೆ ಕನ್ನಡ. ಕ, ಖ, ಗ, ಘ: ಎರಡರದೂ ಒಂದೇ ಸಾಲು, ಒಂದೇ ಕ್ರಮ. ನಮ್ಮ 'ಳ' ಕೂಡ ಮರಾಠಿಯಲ್ಲಿದೆ. ವರ್ಣಮಾಲೆಯ ನಲವತ್ತೊಂಬತ್ತು ಅಕ್ಷರಗಳಲ್ಲಿ ಅವನಿಗೆ ಹೊಸದಾಗಿದ್ದ ದನಿ ಎರಡೇ, ಗಿಡ್ಡ 'ಎ' ಮತ್ತು ಗಿಡ್ಡ 'ಒ'. ಅವೂ ಬಾಯಿಗೆ ಹೊಸವಲ್ಲ, ಕೈಗೆ ಮಾತ್ರ ಹೊಸವು. ಉಳಿದದ್ದೆಲ್ಲ ಬರೀ ಆಕಾರ.

ಬುಧವಾರ ಹಾಳೆಯನ್ನು ಡಬ್ಬಿಯಲ್ಲೇ ಮರೆತು ಬಂದ; ಮೇಲೆ ಪಲ್ಯದ ಎಣ್ಣೆ. ನಾನು ಏನೂ ಅನ್ನಲಿಲ್ಲ, ಇನ್ನೊಂದು ಬರೆದಿಟ್ಟೆ. ಗುರುವಾರ ನಾನು ಬ್ಯಾಡಗಿ ಮೆಣಸಿನಕಾಯಿ ತರಲು ಮಾಟುಂಗಕ್ಕೆ ಹೋಗಿ ಬರುವಷ್ಟರಲ್ಲಿ ಫೋನಿಗೆ ಅವನದೊಂದು ಫೋಟೋ ಬಂದಿತ್ತು. ಗಾಡಿಯಲ್ಲಿ ನಿಂತೇ ಟಿಕೆಟ್ಟಿನ ಹಿಂದೆ ಬರೆದದ್ದು: "ಅಜ್ಜ". ಜ ಕೆಳಗೆ ಒತ್ತು ಸರಿಯಾಗಿ ಕೂತಿತ್ತು. ಹೆಂಗಸರ ಡಬ್ಬಿಯ ಆ ನೂಕುನುಗ್ಗಲಿನಲ್ಲಿ ನಾನೊಬ್ಬಳೇ ನಗುತ್ತ ನಿಂತಿದ್ದೆ.

ಶುಕ್ರವಾರ ಮಾತ್ರ ಸಿಟ್ಟಾದ. "ಒತ್ತಕ್ಷರ ಯಾಕೆ ಬೇಕಿತ್ತು? ಇಪ್ಪತ್ತಮೂರನೇ ವಯಸ್ಸಿಗೆ ಬಾಲವಾಡಿ!" ಎಂದು ಪೆನ್ನು ಎಸೆದ. ಊಟ ಮಾಡಿ ಸುಮ್ಮನೆ ಮಲಗಿದ. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ.

ಶನಿವಾರ ರಜೆ. ಹತ್ತು ಗಂಟೆಗೆ ಎದ್ದು ತಾನಾಗಿಯೇ ಅಂಚೆ ಕಾರ್ಡು ಕೇಳಿದ. ಐದು ಸಾಲು ಬರೆಯಲು ಎರಡು ತಾಸು ಹಿಡಿಯಿತು. ಅಕ್ಷರಗಳು ಒಂದು ದೊಡ್ಡದು, ಒಂದು ಸಣ್ಣದು, ಸಾಲುಗಳು ಬಲಕ್ಕೆ ಇಳಿಯುತ್ತ ಹೋಗಿದ್ದವು. ಕೊನೆಯ ಸಾಲಿನಲ್ಲಿ "ದೀಪಾವಳಿಗೆ ಬರುತ್ತೇನೆ, ಇಬ್ಬರೂ ಕೆಲಗೇರಿ ಕೇರೆಯ ದಂಡೆಗೆ ಹೋಗೋಣ" ಎಂದು ಬರೆದಿದ್ದ. ಕೆರೆ ಹೋಗಿ ಕೇರೆ ಹಾವಾಗಿತ್ತು! ತಿದ್ದಲು ಕೈ ಮುಂದೆ ಹೋಯಿತು. ಹಿಂದೆ ತೆಗೆದುಕೊಂಡೆ. ಅದು ಅವನ ಪತ್ರ. ರವಿವಾರ ತರಕಾರಿಗೆ ಹೋದಾಗ ನಾವಿಬ್ಬರೂ ಕೂಡಿ ಅದನ್ನು ಡಬ್ಬಕ್ಕೆ ಹಾಕಿ ಬಂದೆವು.

ಎಂಟು ದಿನ ಬಿಟ್ಟು ತಮ್ಮನ ಫೋನು. ಅಪ್ಪ ಆ ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದಾರಂತೆ. ಹಾಲಿನವನಿಗೆ, ಪಕ್ಕದ ಮನೆಯವರಿಗೆ, ಗುಡಿಯ ಕಟ್ಟೆಯಲ್ಲಿ ಕೂತವರಿಗೆಲ್ಲ ತೋರಿಸಿದ್ದಾರಂತೆ. "ಹಾವಿನ ವಿಷಯ ಏನಂದರು?" ಎಂದು ಕೇಳಿದೆ. ನನ್ನಪ್ಪ ಮನೆಗೆ ಬಂದ ಮದುವೆ ಕರೆಯೋಲೆಯನ್ನೂ ಕೆಂಪು ಪೆನ್ನಿನಿಂದ ತಿದ್ದಿ ಇಡುವ ಮಾಸ್ತರರು. ತಮ್ಮ ಹೇಳಿದ, "ಅದನ್ನ ತಿದ್ದೇ ಇಲ್ಲ, ಅಕ್ಕಾ."

ಯುವ ಮಿತ್ರರೇ, ನಿಮಗೆ ಭಾಷಾಭಿಮಾನದ ಭಾಷಣ ಮಾಡಲು ನಾನು ಯೋಗ್ಯಳಲ್ಲ. ನನ್ನ ಮನೆಯಲ್ಲೇ ಹದಿನೇಳು ವರ್ಷ ತಡವಾಗಿದೆ. ಮಾತು ಬರುತ್ತದಲ್ಲ, ಸಾಕು ಎಂದು ನಾವು ಹಿರಿಯರು ಅಂದುಕೊಂಡೆವು. ಮಾತಿಗೆ ಎದುರಿನವರ ಕಿವಿ ಬೇಕು; ಅದು ಕೊನೆತನಕ ಇರುವುದಿಲ್ಲ. ನಿಮ್ಮ ಊರಿನಲ್ಲಿ ಅಜ್ಜ ಅಜ್ಜಿ ಇದ್ದರೆ ಒಂದು ಕಾರ್ಡು ತನ್ನಿ, ಮೊದಲು ಅವರ ಹೆಸರು ಬರೆಯಿರಿ. ತಪ್ಪಾದರೆ ಆಗಲಿ. ನಮ್ಮ ಮನೆಯಲ್ಲಿ ಈಗ ಎರಡನೆಯ ಕಾರ್ಡು ಮೇಜಿನ ಮೇಲಿದೆ. ಅದರಲ್ಲಿ ಆರು ಸಾಲು.